ಗೊಬ್ಬರದ ಅಂಗಡಿ ಉದ್ರಿಗೆ ಅಪ್ಪನ ಮೇಲೆ ದಾವೆ: ಗಂಗಾವತಿ ಕೋರ್ಟಿಗೆ ಮೊದಲ ತಾರೀಕಿಗೆ ಹೋಗಿ ಏನು ಮಾಡಬೇಕು?

ಎಡದಂಡೆ ಮಗಳು

ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ ಹೇಳಿ.

ನಮ್ಮೂರು ಕಾರಟಗಿ ಹತ್ತಿರ. ಅಪ್ಪನಿಗೆ ತುಂಗಭದ್ರಾ ಡ್ಯಾಮಿನ ಎಡದಂಡೆ ನಾಲೆ ಕೆಳಗೆ ಐದು ಎಕರೆ ನೆಲ್ಲಿನ ಗದ್ದೆ ಇದೆ. ನಾನು ಬಳ್ಳಾರಿಯಲ್ಲಿ ಲ್ಯಾಬ್ ಒಂದರಲ್ಲಿ ಕೆಲಸಕ್ಕಿದ್ದೇನೆ, ಊರಲ್ಲಿ ಅಪ್ಪ ಅಮ್ಮ ಇಬ್ಬರೇ. ಹೋದ ವಾರ ಕೋರ್ಟಿನ ಅಮೀನರು ಮನೆಗೆ ಬಂದು ಸಮನ್ಸ್ ಕೊಟ್ಟು ಅಪ್ಪನ ಸಹಿ ತೆಗೆದುಕೊಂಡು ಹೋಗಿದ್ದಾರೆ. ಗೊಬ್ಬರ, ಎಣ್ಣೆ (ಬೆಳೆಗೆ ಹೊಡೆಯುವ ಕೀಟನಾಶಕ) ಉದ್ರಿ ತರುತ್ತಿದ್ದ ಅಂಗಡಿಯವರು ದಾವೆ ಹಾಕಿದ್ದಾರೆ.

ಆಗಿದ್ದು ಹೀಗೆ. ಆ ಅಂಗಡಿಯಲ್ಲಿ ವರ್ಷಗಳಿಂದ ಉದ್ರಿ ಲೆಕ್ಕ ಇತ್ತು. 2021ರ ಜೂನ್ 14ಕ್ಕೆ ಹಳೇ ಬಾಕಿ ಎಲ್ಲ ಕೂಡಿಸಿ 1,80,000 ರೂಪಾಯಿಗೆ ಅಪ್ಪನಿಂದ ಪ್ರೋನೋಟ್ (ಇಷ್ಟು ದುಡ್ಡು ಕೊಡುತ್ತೇನೆ ಅಂತ ಸಹಿ ಹಾಕಿದ ಸಾಲದ ಪತ್ರ) ಬರೆಸಿಕೊಂಡರು. 2023ರ ಜನವರಿಯಲ್ಲಿ ಅಪ್ಪ 20,000 ಕಟ್ಟಿದರು. ಆ ವರ್ಷ ಬರ ಬಿತ್ತು, ಡ್ಯಾಮ್ ತುಂಬಲಿಲ್ಲ, ಎರಡನೇ ಬೆಳೆ ಕೈಗೆ ಬರಲಿಲ್ಲ, ಆಮೇಲೆ ನಗದು ಕಟ್ಟಲು ಆಗಲೇ ಇಲ್ಲ. ಈಗ 2025ರ ಆಗಸ್ಟ್ 14ಕ್ಕೆ ದಾವೆ ಹಾಕಿ, ವರ್ಷಕ್ಕೆ ನೂರಕ್ಕೆ 24ರ ಬಡ್ಡಿ ಹಿಡಿದು, 20,000 ಕಳೆದು, ಒಟ್ಟು 3,40,000 ಕೊಡಿಸಿ ಅಂತ ಕೇಳಿದ್ದಾರೆ.

ಸಾಲ ಇರುವುದು ನಿಜ, ಆದರೆ ಅಷ್ಟಿಲ್ಲ ಅಂತಾರೆ ಅಪ್ಪ. 2023ರ ಡಿಸೆಂಬರಿನಲ್ಲಿ 60 ಚೀಲ ನೆಲ್ಲನ್ನು ಈ ಅಂಗಡಿಯವರ ತಮ್ಮನ ದಲಾಲಿ ಅಂಗಡಿಗೆ ಹಾಕಿದ್ದರು. ಆ ದುಡ್ಡನ್ನು ಗೊಬ್ಬರದ ಬಾಕಿಗೆ ಮುರಿದುಕೊಳ್ಳುತ್ತೇವೆ ಅಂತ ಬಾಯಿಮಾತಲ್ಲಿ ಹೇಳಿದ್ದರಂತೆ. ದಾವೆಯಲ್ಲಿ ಅದರ ಸುದ್ದಿಯೇ ಇಲ್ಲ. ತಕ್ ಪಟ್ಟಿ (ದಲಾಲಿ ಅಂಗಡಿಯವರು ಬರೆದುಕೊಡುವ ಮಾರಾಟದ ಲೆಕ್ಕದ ಚೀಟಿ) ನಮ್ಮ ಹತ್ತಿರ ಇದೆ, ಖರ್ಚು ಕಳೆದು 1,08,000 ಅಂತ ಬರೆದಿದೆ.

ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ಹೋಗದಿದ್ದರೆ ಪೊಲೀಸರು ಬರುತ್ತಾರೆ ಅಂತ ಅಮ್ಮನ ಭಯ. ಮೊದಲ ತಾರೀಕಿಗೆ ಹೋಗುವುದೇ ಬೇಡ, ಕೇಸು ವರ್ಷಗಟ್ಟಲೆ ಎಳೆಯುತ್ತೆ ಅಂತ ಸೋದರಮಾವ. ಅಪ್ಪ ಮಾತ್ರ ಏನೂ ಮಾತಾಡುತ್ತಿಲ್ಲ, ಊಟಕ್ಕೂ ಸರಿಯಾಗಿ ಕೂರುತ್ತಿಲ್ಲ, ನನಗೆ ಅದೇ ಜಾಸ್ತಿ ಚಿಂತೆ. ಮೊದಲ ದಿನ ಕೋರ್ಟಿನಲ್ಲಿ ಏನಾಗುತ್ತೆ? ವಕೀಲರು ಬೇಕೇ ಬೇಕಾ? ಅಪ್ಪ ಏನು ಹೇಳಬೇಕು?

ಸಿಂಧನೂರು ದಾರಿ

ಅಕ್ಕಾ, ಮೊದಲು ಅಮ್ಮನಿಗೆ ಧೈರ್ಯ ಹೇಳಿ. ಇದು ಸಿವಿಲ್ ದಾವೆ. ಪೊಲೀಸರಿಗೂ ಇದಕ್ಕೂ ಸಂಬಂಧ ಇಲ್ಲ. ಸಮನ್ಸ್ ಅಂದರೆ ನಿಮ್ಮ ಮೇಲೆ ಒಬ್ಬರು ಹೀಗೆ ಕೇಳಿದ್ದಾರೆ, ಬಂದು ನಿಮ್ಮ ಉತ್ತರ ಕೊಡಿ ಅಂತ ಕೋರ್ಟು ಕರೆದಿರುವುದು, ಅಷ್ಟೇ. ವಾರಂಟ್ ಅಲ್ಲ.

ಆದರೆ ಮಾವನ ಮಾತು ಮಾತ್ರ ಕೇಳಬೇಡಿ. ನಮ್ಮ ಓಣಿಯಲ್ಲೇ ಒಬ್ಬರು ಹಾಗೆ ಮನೆಯಲ್ಲಿ ಕೂತರು. ಕೋರ್ಟಿನಲ್ಲಿ ಹೆಸರು ಕೂಗಿದರು, ಯಾರೂ ಓ ಅನ್ನಲಿಲ್ಲ, ಎಕ್ಸ್‌ಪಾರ್ಟಿ, ಅಂದರೆ ಎದುರಿನವರು ಬಂದಿಲ್ಲ ಅಂತ ಬರೆದರು. ಆಮೇಲೆ ವಾದಿ ಒಬ್ಬನೇ ಬಂದು ತನ್ನ ಕಾಗದ ತೋರಿಸಿ, ತಾನು ಕೇಳಿದಷ್ಟೂ ಮೊತ್ತಕ್ಕೆ ಡಿಕ್ರಿ (ಇಷ್ಟು ಕೊಡಬೇಕು ಅನ್ನುವ ಕೋರ್ಟಿನ ತೀರ್ಪು) ತೆಗೆದುಕೊಂಡ. ಅವರು ನಡುವೆ ಕಟ್ಟಿದ್ದ ದುಡ್ಡಿನ ಬಗ್ಗೆ ಹೇಳುವವರೇ ಅಲ್ಲಿ ಇರಲಿಲ್ಲ. ಜಪ್ತಿಗೆ ಬಂದಾಗ ಗೊತ್ತಾಯಿತು. ಎಕ್ಸ್‌ಪಾರ್ಟಿ ಡಿಕ್ರಿ ರದ್ದು ಮಾಡಿಸಲು ಅರ್ಜಿ ಹಾಕಬಹುದು, 30 ದಿನದ ಒಳಗೆ, ಬರದೇ ಇದ್ದದ್ದಕ್ಕೆ ಸರಿಯಾದ ಕಾರಣ ಇರಬೇಕು. ಕೈಗೆ ಸಮನ್ಸ್ ತೆಗೆದುಕೊಂಡು ಸಹಿ ಹಾಕಿದವರಿಗೆ ಆ ಕಾರಣ ತೋರಿಸುವುದು ಕಷ್ಟ.

ಮೊದಲ ದಿನದ್ದು ದೊಡ್ಡ ವಿಷಯ ಏನಲ್ಲ. ಹತ್ತೂವರೆಗೇ ಹೋಗಿ. ಹಾಲಿನ ಹೊರಗೆ ಬೋರ್ಡಿನಲ್ಲಿ ಅವತ್ತಿನ ಕೇಸುಗಳ ಪಟ್ಟಿ ಹಚ್ಚಿರುತ್ತಾರೆ, ಅದರಲ್ಲಿ ನಿಮ್ಮ ನಂಬರ್ ನೋಡಿಕೊಳ್ಳಿ. ಹನ್ನೊಂದಕ್ಕೆ ಸಾಹೇಬರು, ಅಂದರೆ ಜಡ್ಜ್, ಪೀಠಕ್ಕೆ ಬರುತ್ತಾರೆ. ಬಾಗಿಲ ಹತ್ತಿರ ನಿಂತು ಜವಾನ ಅಪ್ಪನ ಹೆಸರು ಕೂಗುತ್ತಾನೆ. ಆಗ ಒಳಗೆ ಹೋಗಿ ಮುಂದೆ ನಿಂತು ನಮಸ್ಕಾರ ಮಾಡಿದರೆ ಆಯಿತು. ವಕೀಲರು ಇದ್ದರೆ ಅವರು ವಕಾಲತ್ತು (ಇವರ ಪರ ನಾನು ನಡೆಸುತ್ತೇನೆ ಅನ್ನುವ ಪತ್ರ) ಹಾಕಿ ಲಿಖಿತ ಹೇಳಿಕೆಗೆ, ಅಂದರೆ ದಾವೆಗೆ ನಿಮ್ಮ ಬರಹದ ಉತ್ತರಕ್ಕೆ, ಸಮಯ ಕೇಳುತ್ತಾರೆ. ಇನ್ನೂ ವಕೀಲರು ಗೊತ್ತಾಗಿಲ್ಲದಿದ್ದರೆ ಅಪ್ಪನೇ "ಸ್ವಾಮಿ, ವಕೀಲರನ್ನು ನೇಮಿಸಿಕೊಳ್ಳಲು ಸಮಯ ಕೊಡಿ" ಅಂತ ಕೇಳಬಹುದು. ಮುಂದಿನ ತಾರೀಕು ಕೊಡುತ್ತಾರೆ, ಅದನ್ನು ಬರೆದುಕೊಂಡು ಬನ್ನಿ. ಒಂದು ಮಾತು: ಚಹಾ ಕುಡಿದು ಬರುತ್ತೇವೆ ಅಂತ ಹೊರಗೆ ಹೋಗಬೇಡಿ, ಹೆಸರು ಕೂಗುವುದು ಅಷ್ಟರಲ್ಲೇ ಆಗಿಹೋಗುತ್ತೆ. ಒಂದು ವೇಳೆ ಹಾಗಾದರೆ ಬೆಂಚ್ ಕ್ಲರ್ಕ್ ಹತ್ತಿರ ಹೋಗಿ ಬಂದಿದ್ದೇವೆ ಅಂತ ಹೇಳಿ, ಅವತ್ತೇ ಇನ್ನೊಮ್ಮೆ ಕರೆಸಲು ಕೇಳಿಕೊಳ್ಳಿ.

ಮಸ್ಕಿ ಮಣ್ಣು

ಇಷ್ಟು ತಲೆ ಯಾಕೆ ಕೆಡಿಸಿಕೊಳ್ಳುತ್ತೀರಿ? ಪ್ರೋನೋಟಿಗೆ ಮೂರು ವರ್ಷ ಅಷ್ಟೇ ಆಯುಷ್ಯ. 2021ರ ಜೂನ್‌ದು 2024ರ ಜೂನಿಗೆ ಮುಗಿಯಿತು. ದಾವೆ ಹಾಕಿರುವುದು 2025ರಲ್ಲಿ. ವಾಯಿದೆ ಮೀರಿದೆ, ವಜಾ ಆಗುತ್ತೆ. ಅದಕ್ಕೂ ಮೇಲೆ ಧೈರ್ಯ ಬೇಕು ಅಂದರೆ ಹೊಲವನ್ನು ಈಗಲೇ ಮಗಳ ಹೆಸರಿಗೆ ಮಾಡಿಬಿಡಿ. ಅಪ್ಪನ ಹೆಸರಲ್ಲಿ ಏನೂ ಇಲ್ಲ ಅಂದರೆ ಜಪ್ತಿ ಏನು ಮಾಡುತ್ತಾರೆ?

ಕರಿಕೋಟು ಬಳ್ಳಾರಿ

ನಾನು ವಕೀಲ, ಬಳ್ಳಾರಿಯಲ್ಲಿ ಸಿವಿಲ್ ಕಡೆಯೇ ಜಾಸ್ತಿ. ಮೇಲಿನ ಎರಡೂ ಮಾತಿಗೆ ಉತ್ತರ ಹೇಳಲೇಬೇಕು, ಯಾಕೆಂದರೆ ನಮ್ಮ ಭಾಗದಲ್ಲಿ ರೈತರು ಇವೆರಡನ್ನೇ ನಂಬಿ ಕೆಡುತ್ತಾರೆ.

ಮೊದಲು ಹೊಲದ ವಿಷಯ. ಬೇಡ. ದಾವೆ ಬಂದ ಮೇಲೆ ಮಕ್ಕಳ ಹೆಸರಿಗೆ ದಾನಪತ್ರ ಮಾಡಿದರೆ, ಸಾಲ ಕೊಟ್ಟವರಿಗೆ ಮೋಸ ಮಾಡಲು ಮಾಡಿದ್ದು ಅಂತ ಅದನ್ನು ರದ್ದು ಮಾಡಿಸಲು ಕಾನೂನಿನಲ್ಲಿ ದಾರಿ ಇದೆ. ಅಷ್ಟೇ ಅಲ್ಲ, ಆಸ್ತಿ ಕೈ ಬದಲಾಯಿಸುತ್ತಿದ್ದಾರೆ ಅಂತ ತೋರಿಸಿ ತೀರ್ಪಿಗೆ ಮೊದಲೇ ಜಪ್ತಿ ಕೇಳಲು ಎದುರಿನವರಿಗೆ ನಾವೇ ಕಾರಣ ಕೊಟ್ಟ ಹಾಗಾಗುತ್ತೆ. ಸಾಹೇಬರ ಮುಂದೆ ನಿಮ್ಮ ತಂದೆಯ ಮಾತಿಗೆ ಇರುವ ಬೆಲೆಯೂ ಹೋಗುತ್ತೆ.

ಇನ್ನು ಮೂರು ವರ್ಷದ ಲೆಕ್ಕ. ಕಾಲಮಿತಿ ಮೂರು ವರ್ಷ ಅನ್ನುವುದು ಸರಿ. ಆದರೆ ಕೊರೊನಾ ಕಾಲಕ್ಕೆ ಸುಪ್ರೀಂ ಕೋರ್ಟ್ 2022ರ ಜನವರಿ 10ರ ಆದೇಶದಲ್ಲಿ 2020ರ ಮಾರ್ಚ್ 15ರಿಂದ 2022ರ ಫೆಬ್ರವರಿ 28ರವರೆಗಿನ ಅವಧಿಯನ್ನು ಕಾಲಮಿತಿ ಲೆಕ್ಕದಿಂದಲೇ ಬಿಡಿಸಿದೆ. ಅಂದರೆ ಈ ಪ್ರೋನೋಟಿನ ಮೂರು ವರ್ಷ 2022ರ ಮಾರ್ಚ್ 1ರಿಂದ ಶುರು, 2025ರ ಫೆಬ್ರವರಿ 28ಕ್ಕೆ ಮುಗಿಯಿತು. ಸರಿ, ದಾವೆ ಆಗಸ್ಟಿನಲ್ಲಿ ಬಂದಿದೆ, ಆಗಲೂ ತಡವೇ ಅಲ್ವಾ ಅಂತೀರಿ. ಇಲ್ಲಿಯೇ 2023ರ ಜನವರಿಯ 20,000 ಮುಖ್ಯ. ಅವಧಿ ಮುಗಿಯುವ ಮೊದಲೇ ಸಾಲಗಾರ ಒಂದಿಷ್ಟು ಕಟ್ಟಿದರೆ, ಕಟ್ಟಿದ ದಿನದಿಂದ ಹೊಸದಾಗಿ ಮೂರು ವರ್ಷ ಎಣಿಸಬಹುದು. ಆದರೆ ಒಂದು ಷರತ್ತು ಇದೆ. ಕಟ್ಟಿದ್ದಕ್ಕೆ ಬರಹ ಇರಬೇಕು, ಆ ಬರಹ ಕಟ್ಟಿದವರ ಕೈಯದ್ದಾಗಿರಬೇಕು ಅಥವಾ ಅದಕ್ಕೆ ಅವರ ಸಹಿ ಇರಬೇಕು. ಅಂಗಡಿಯವರು ತಮ್ಮ ಪುಸ್ತಕದಲ್ಲಿ ತಾವೇ ಜಮಾ ಬರೆದುಕೊಂಡರೆ ಸಾಲದು.

ಹಾಗಾಗಿ ಒಂದು ಕೆಲಸ ಮಾಡಿ. ಸಮನ್ಸ್ ಜೊತೆ ದಾವೆಯ ಪ್ರತಿ, ದಾಖಲೆಗಳ ಪ್ರತಿ ಬಂದಿರುತ್ತೆ. ಅದರಲ್ಲಿ ಪ್ರೋನೋಟಿನ ಹಿಂಭಾಗದ ಜೆರಾಕ್ಸ್ ಹುಡುಕಿ. ಇಲ್ಲದಿದ್ದರೆ ಕೋರ್ಟಿನಲ್ಲಿ ಮೂಲ ದಾಖಲೆ ನೋಡಲು ವಕೀಲರ ಮೂಲಕ ಕೇಳಿ. ಹಿಂದೆ ಏನು ಬರೆದಿದೆ, ಯಾರ ಅಕ್ಷರ, ಸಹಿ ಇದೆಯಾ, ದಿನಾಂಕ ಇದೆಯಾ, ಇಷ್ಟನ್ನೂ ಇಲ್ಲಿ ಬರೆಯಿರಿ. ಮುಂಭಾಗವನ್ನೂ ಹಾಗೆಯೇ ನೋಡಿ. ರೆವಿನ್ಯೂ ಸ್ಟಾಂಪಿನ ಮೇಲೆ ಸಹಿ ಇದೆಯಾ? ಬಡ್ಡಿ ದರ ಬರೆದಿದ್ದಾರಾ, ಖಾಲಿ ಬಿಟ್ಟಿದ್ದಾರಾ? ಬರೆದಿದ್ದರೆ ಉಳಿದ ಅಕ್ಷರದ ಶಾಯಿಯೂ ಅದರ ಶಾಯಿಯೂ ಒಂದೇನಾ?

ಇನ್ನೊಂದು, ಕೇಸ್ ನಂಬರ್ ಮುಂದೆ ಏನಿದೆ? ಬರೀ ಓ.ಎಸ್. ಅಂತ ಇದ್ದರೆ ಸಾಮಾನ್ಯ ದಾವೆ. ಲಿಖಿತ ಹೇಳಿಕೆಗೆ ಸಮನ್ಸ್ ಮುಟ್ಟಿದ ದಿನದಿಂದ 30 ದಿನ, ಕಾರಣ ಇದ್ದರೆ 90 ದಿನದವರೆಗೆ ಕೊಡುತ್ತಾರೆ. ಕಮರ್ಷಿಯಲ್ ಕೋರ್ಟಿನದ್ದಾದರೆ 120 ದಿನ ದಾಟಿದ ಮೇಲೆ ಹಕ್ಕೇ ಹೋಗುತ್ತೆ. ಬೇಗ ಮುಗಿಸುವ ಸಮ್ಮರಿ ದಾವೆ ಅಂತ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆರ್ಡರ್ 37ರ ಕೆಳಗೆ ಹಾಕಿದ್ದರೆ ಬರೀ 10 ದಿನದಲ್ಲಿ ಹಾಜರಿ ಹಾಕಬೇಕು. ಸಮನ್ಸ್ ಮೇಲೇ ಬರೆದಿರುತ್ತೆ, ಇವತ್ತೇ ನೋಡಿ. ಅಪ್ಪ ಖಾಲಿ ಚೆಕ್ಕು ಏನಾದರೂ ಕೊಟ್ಟಿದ್ದಾರಾ ಅನ್ನುವುದನ್ನೂ ಕೇಳಿ. ಚೆಕ್ ಬೌನ್ಸ್ ಕೇಸು ಬೇರೆಯೇ, ಅದು ಕ್ರಿಮಿನಲ್, ಅದಕ್ಕೆ ಹಾಜರಾಗದಿದ್ದರೆ ವಾರಂಟ್ ಬರುತ್ತೆ.

ಎಡದಂಡೆ ಮಗಳು

ಸರ್, ತುಂಬಾ ಧನ್ಯವಾದ. ಚೆಕ್ಕು ಯಾವುದೂ ಕೊಟ್ಟಿಲ್ಲ. ನಂಬರ್ ಓ.ಎಸ್. ಅಂತಲೇ ಇದೆ, ಆರ್ಡರ್ 37 ಅಂತ ಎಲ್ಲೂ ಇಲ್ಲ.

ಅಪ್ಪನ ಹತ್ತಿರ ವಾಟ್ಸಾಪಿನಲ್ಲಿ ಎಲ್ಲ ಹಾಳೆಯ ಫೋಟೋ ತರಿಸಿಕೊಂಡು ನೋಡಿದೆ. ಪ್ರೋನೋಟಿನ ಹಿಂದೆ ನೀಲಿ ಪೆನ್ನಿನಲ್ಲಿ "9-1-2023 ರಂದು ಮುಟ್ಟಿದ್ದು 20,000" ಅಂತ ಇದೆ. ಅಕ್ಷರ ಅಂಗಡಿಯವರದ್ದು. ಆದರೆ ಕೆಳಗೆ ಸಹಿ ಅಪ್ಪನದ್ದೇ. ಕೊನೆಯ ಅಕ್ಷರವನ್ನು ಉದ್ದಕ್ಕೆ ಎಳೆದು ಕೆಳಗೆ ಎರಡು ಚುಕ್ಕಿ ಇಡುವುದು ಅವರ ರೂಢಿ, ನನ್ನ ಮಾರ್ಕ್ಸ್ ಕಾರ್ಡಿನ ಮೇಲೆಲ್ಲ ಅದೇ ಸಹಿ ಇದೆ. ಅಪ್ಪನೂ ಹೌದು, ದುಡ್ಡು ಕೊಟ್ಟಾಗ ಸಹಿ ಹಾಕಿದೆ ಅಂದರು. ಮುಂಭಾಗದಲ್ಲಿ ಸ್ಟಾಂಪ್ ಇದೆ, ಅದರ ಮೇಲೆ ಸಹಿ ಇದೆ. ಬಡ್ಡಿ ಜಾಗದಲ್ಲಿ 24 ಅಂತ ಇದೆ. ಉಳಿದದ್ದೆಲ್ಲ ಕಪ್ಪು ಶಾಯಿ, ಆ 24 ಮಾತ್ರ ನೀಲಿ. ಜೆರಾಕ್ಸು ಕಲರ್ ಇದ್ದದ್ದರಿಂದ ಗೊತ್ತಾಯಿತು. ಸಹಿ ಹಾಕುವಾಗ ಅಲ್ಲಿ ಅಂಕಿ ಇರಲಿಲ್ಲ, ಬಡ್ಡಿ ಮಾತೇ ಬಂದಿರಲಿಲ್ಲ ಅಂತಾರೆ ಅಪ್ಪ.

ಸಹಿ ನಮ್ಮದಲ್ಲ ಅಂತ ಹೇಳಿಬಿಡಿ, ಆಗ ವಾಯಿದೆ ಮೀರಿದ್ದು ಅಂತಾಗುತ್ತೆ ಅಂತ ಮಾವ ಹೇಳುತ್ತಿದ್ದಾರೆ. ಅಪ್ಪನಿಗೆ ಅದು ಮನಸ್ಸಿಲ್ಲ.

ಕರಿಕೋಟು ಬಳ್ಳಾರಿ

ಅಪ್ಪನ ಮನಸ್ಸು ಸರಿಯಾಗಿದೆ. ಕಾನೂನಿನ ಲೆಕ್ಕಕ್ಕೂ ಅದೇ ಸರಿ. ಹಿಂಬರಹಕ್ಕೆ ಸಹಿ ಇದೆ ಅಂದ ಮೇಲೆ 2023ರ ಜನವರಿ 9ರಿಂದ ಹೊಸ ಮೂರು ವರ್ಷ ಸಿಗುತ್ತೆ, ಅದು 2026ರ ಜನವರಿವರೆಗೆ ಬರುತ್ತೆ. ದಾವೆ ಕಾಲಮಿತಿಯ ಒಳಗೇ ಇದೆ. ಸಹಿ ನನ್ನದಲ್ಲ ಅಂತ ಪ್ರಮಾಣ ಮಾಡಿ ಬರೆದು, ಆಮೇಲೆ ಅವರು ಸಹಿಯನ್ನು ತಜ್ಞರ ಪರೀಕ್ಷೆಗೆ ಕಳಿಸಿ ಹೌದು ಅಂತ ವರದಿ ಬಂದರೆ, ನೆಲ್ಲಿನ ವಿಷಯದಲ್ಲಿ ನಿಮ್ಮ ತಂದೆ ಹೇಳುವ ಸತ್ಯವನ್ನೂ ಯಾರೂ ನಂಬುವುದಿಲ್ಲ. ಇರುವ ಒಳ್ಳೆಯ ವಾದವನ್ನು ಕೈಯಾರೆ ಕಳೆದುಕೊಳ್ಳಬೇಡಿ.

ನಿಮ್ಮ ಕೇಸು ನಿಂತಿರುವುದು ಎರಡೇ ಜಾಗದಲ್ಲಿ, ಬಡ್ಡಿ ಮತ್ತು ನೆಲ್ಲು.

ಬಡ್ಡಿ: ಪ್ರೋನೋಟಿನಲ್ಲಿ ದರ ಬರೆಯದೇ ಇದ್ದರೆ ಕಾನೂನು ಹಿಡಿಯುವುದು ವರ್ಷಕ್ಕೆ 18. ಆ ನೀಲಿ ಅಂಕಿ ಆಮೇಲೆ ತುಂಬಿದ್ದು ಅನ್ನುವುದು ನಿಮ್ಮ ವಾದ ಆಗಬೇಕು. ಸುಲಭ ಅಂತ ಹೇಳುವುದಿಲ್ಲ. ಸ್ಟಾಂಪ್ ಹಚ್ಚಿ ಸಹಿ ಹಾಕಿ ಖಾಲಿ ಜಾಗ ಬಿಟ್ಟು ಕೊಟ್ಟರೆ, ಹಿಡಿದುಕೊಂಡವರು ತುಂಬಿಕೊಳ್ಳಲು ಒಪ್ಪಿಗೆ ಕೊಟ್ಟಂತೆ ಅಂತ ಅವರ ವಕೀಲರು ವಾದಿಸುತ್ತಾರೆ. ಅದಕ್ಕೇ ಬಡ್ಡಿ ಮಾತೇ ಆಗಿರಲಿಲ್ಲ ಅನ್ನುವುದನ್ನು ಲಿಖಿತ ಹೇಳಿಕೆಯಲ್ಲಿ ಮೊದಲೇ ಸ್ಪಷ್ಟವಾಗಿ ಬರೆಸಬೇಕು, ಸಾಕ್ಷಿ ಹೇಳುವಾಗ ಹೊಸದಾಗಿ ಹೇಳಿದರೆ ನಡೆಯುವುದಿಲ್ಲ. ಡಿಕ್ರಿ ಆದ ನಂತರದ ಬಡ್ಡಿಯ ಬಗ್ಗೆಯೂ ಕೇಳಿ. ಸಾಲ ಮಾಡಿದವರ ವ್ಯಾಪಾರ, ಉದ್ದಿಮೆಗೆ ಸೇರಿದ ವ್ಯವಹಾರ ಅಲ್ಲದಿದ್ದರೆ ಅದು ವರ್ಷಕ್ಕೆ 6 ಮೀರುವಂತಿಲ್ಲ. ಸ್ವಂತ ಹೊಲಕ್ಕೆ ಗೊಬ್ಬರ ತಂದದ್ದು ವ್ಯಾಪಾರ ಅಲ್ಲ ಅಂತ ವಾದ ಮಾಡಬೇಕು.

ಲಿಖಿತ ಹೇಳಿಕೆ ಬರೆಸುವಾಗ ಒಂದು ಎಚ್ಚರ ಇರಲಿ. ಎಷ್ಟೋ ಜನ "ದಾವೆಯ ಎಲ್ಲ ಅಂಶ ಸುಳ್ಳು" ಅಂತ ಒಂದೇ ಸಾಲಲ್ಲಿ ಮುಗಿಸುತ್ತಾರೆ. ಕೋರ್ಟು ಅದನ್ನು ಉತ್ತರ ಅಂತ ತೆಗೆದುಕೊಳ್ಳಬೇಕಿಲ್ಲ. ದಾವೆಯ ಒಂದೊಂದು ಪ್ಯಾರಾಕ್ಕೂ ಇದು ಹೌದು, ಇದು ಅಲ್ಲ, ಇದು ಇಷ್ಟೇ ಅಂತ ಬಿಡಿಸಿ ಹೇಳಬೇಕು. ಅಲ್ಲ ಅಂತ ಬಿಡಿಸಿ ಹೇಳದೇ ಬಿಟ್ಟದ್ದನ್ನು ಒಪ್ಪಿದ ಹಾಗೆ ಹಿಡಿಯುತ್ತಾರೆ. ನಿಮ್ಮದರಲ್ಲಿ ಪ್ರೋನೋಟ್ ಹೌದು, ಸಹಿ ಹೌದು, 20,000 ಹೌದು. 24ರ ಬಡ್ಡಿ ಅಲ್ಲ. 1,08,000 ಮುರಿದುಕೊಂಡದ್ದನ್ನು ಮುಚ್ಚಿಟ್ಟಿದ್ದಾರೆ. ಹೀಗೆ.

ವಕೀಲರು ಬೇಕೇ ಬೇಕಾ ಅಂತ ಕೇಳಿದ್ದಿರಿ. ತಾವೇ ನಿಂತು ನಡೆಸಲು ಕಾನೂನಿನಲ್ಲಿ ಅಡ್ಡಿಯಿಲ್ಲ, ಆದರೆ ಈ ಕೇಸಿಗೆ ಬೇಕು. ಫೀಸಿನ ತೊಂದರೆ ಇದ್ದರೆ ಗಂಗಾವತಿ ಕೋರ್ಟಿನ ಆವರಣದಲ್ಲೇ ತಾಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಿ, ಅಥವಾ 15100ಕ್ಕೆ ಫೋನ್ ಮಾಡಿ. ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡುತ್ತಾರೆ. ಉಳಿದವರಿಗೆ ಆದಾಯ ಮಿತಿ ಇದೆ. ಬರ, ನೆರೆಯಿಂದ ಕಷ್ಟಕ್ಕೆ ಬಿದ್ದವರೂ ಆ ಕಾನೂನಿನ ಪಟ್ಟಿಯಲ್ಲಿ ಇದ್ದಾರೆ, 2023ರ ಬರದ ವಿಷಯ ಅರ್ಜಿಯಲ್ಲಿ ಬರೆಯಿರಿ.

ಲೆಕ್ಕದ ಮನುಷ್ಯ, ರಾಯಚೂರು

ನಾನು ಎಪಿಎಂಸಿ ಯಾರ್ಡಿನಲ್ಲಿ ದಲಾಲಿ ಅಂಗಡಿ ಲೆಕ್ಕ ಬರೆಯುವವನು. ಕಾನೂನು ಸರ್ ಹೇಳಿದ್ದಾರೆ, ನಾನು ಲೆಕ್ಕ ಹೇಳುತ್ತೇನೆ ತಂಗಿ. ಆ ತಕ್ ಪಟ್ಟಿ ಎಷ್ಟು ದೊಡ್ಡ ಕಾಗದ ಅಂತ ನಿಮ್ಮ ಮನೆಯಲ್ಲಿ ಯಾರಿಗೂ ಗೊತ್ತಾದ ಹಾಗೆ ಕಾಣಲಿಲ್ಲ.

1,80,000ಕ್ಕೆ 24ರಂತೆ ವರ್ಷದ ಬಡ್ಡಿ 43,200. ನೆಲ್ಲು ಹಾಕಿದ್ದು 2023ರ ಡಿಸೆಂಬರ್ 14ರ ಹೊತ್ತಿಗೆ ಅಂತ ಹಿಡಿಯೋಣ. ಅಲ್ಲಿಗೆ ಎರಡೂವರೆ ವರ್ಷ, ಬಡ್ಡಿ 1,08,000. ಕಟ್ಟಿದ 20,000 ಕಳೆದರೆ ಬಡ್ಡಿ ಬಾಕಿ 88,000. ನೆಲ್ಲಿನ 1,08,000ದಲ್ಲಿ ಅಷ್ಟು ಬಡ್ಡಿಗೆ ಹೋಗಿ ಉಳಿದ 20,000 ಅಸಲಿಗೆ ಮುರಿಯಬೇಕು. ಅಸಲು 1,60,000 ಆಯಿತು. ಅಲ್ಲಿಂದ ದಾವೆ ದಿನದವರೆಗೆ 20 ತಿಂಗಳಿಗೆ ಬಡ್ಡಿ 64,000. ಒಟ್ಟು 2,24,000. ಇದು ಅವರದೇ 24ರ ದರ ಒಪ್ಪಿಕೊಂಡು ಮಾಡಿದ ಲೆಕ್ಕ, ಆದರೂ 3,40,000 ಎಲ್ಲಿ, ಇದೆಲ್ಲಿ?

ಇದೇ ಲೆಕ್ಕ 18ಕ್ಕೆ ಹಾಕಿ. ಡಿಸೆಂಬರಿಗೆ ಬಡ್ಡಿ 81,000, ಕಟ್ಟಿದ್ದು ಕಳೆದು 61,000. ನೆಲ್ಲಿನ ದುಡ್ಡಿನಲ್ಲಿ 47,000 ಅಸಲಿಗೆ ಹೋಗುತ್ತೆ. ಅಸಲು 1,33,000, ಅದಕ್ಕೆ 20 ತಿಂಗಳ ಬಡ್ಡಿ 39,900. ಒಟ್ಟು 1,72,900. ಕೇಳಿದ್ದರಲ್ಲಿ ಹೆಚ್ಚುಕಡಿಮೆ ಅರ್ಧ. ಈ ಎರಡೂ ಲೆಕ್ಕವನ್ನು ಒಂದು ಹಾಳೆಯಲ್ಲಿ ನೀಟಾಗಿ ಬರೆದು ವಕೀಲರ ಕೈಗೆ ಕೊಡಿ. ತಕ್ ಪಟ್ಟಿಯಲ್ಲಿ ದಿನಾಂಕ ಬೇರೆ ಇದ್ದರೆ ಅದಕ್ಕೆ ತಕ್ಕ ಹಾಗೆ ತಿದ್ದಿಕೊಳ್ಳಿ.

ಆದರೆ ತೊಡಕು ಒಂದಿದೆ, ಅದನ್ನು ಈಗಲೇ ಬಗೆಹರಿಸಿಕೊಳ್ಳಿ. ತಕ್ ಪಟ್ಟಿ ತಮ್ಮನ ಅಂಗಡಿ ಹೆಸರಲ್ಲಿ ಇದೆ. ಅದು ಬೇರೆ ವ್ಯವಹಾರ, ನನಗೂ ಅದಕ್ಕೂ ಸಂಬಂಧ ಇಲ್ಲ ಅಂತ ಅಣ್ಣ ಹೇಳಿಯೇ ಹೇಳುತ್ತಾನೆ. ಆ ದುಡ್ಡು ಈ ಬಾಕಿಗೆ ಹೋಗಿದೆ ಅಂತ ತೋರಿಸುವ ಹೊಣೆ ನಿಮ್ಮದು. ಏನೇನು ಇದೆ ನೋಡಿ. ಮೊದಲು ಅಪ್ಪನ ಬ್ಯಾಂಕ್ ಪಾಸ್‌ಬುಕ್, 2023ರ ಡಿಸೆಂಬರಿನಿಂದ ಮುಂದಿನ ಕೆಲವು ತಿಂಗಳದ್ದು. ಆ 1,08,000 ಅದಕ್ಕೆ ಜಮಾ ಆಗಿಲ್ಲ ಅಂದರೆ ದುಡ್ಡು ಎಲ್ಲಿ ಹೋಯಿತು ಅನ್ನುವ ಪ್ರಶ್ನೆ ತಾನಾಗಿಯೇ ಏಳುತ್ತೆ. ವೇಬ್ರಿಡ್ಜ್ ಚೀಟಿ ಇದ್ದರೆ ಇನ್ನೂ ಒಳ್ಳೆಯದು. ಲಾರಿ ಬಾಡಿಗೆಗೆ ತಂದವರು, ಚೀಲ ಹೊತ್ತ ಹಮಾಲರು, ಅವತ್ತು ಅಂಗಡಿಯಲ್ಲಿ ಕೂತಿದ್ದವರು ಯಾರಾದರೂ ಆ ಮಾತು ಕೇಳಿಸಿಕೊಂಡಿದ್ದರೆ ಸಾಕ್ಷಿಗೆ ಬರುತ್ತಾರಾ ಕೇಳಿ. ತಕ್ ಪಟ್ಟಿಯ ಹಿಂದೆ ಮುಂದೆ ಪೆನ್ಸಿಲಿನಲ್ಲಿ ಏನಾದರೂ ಗೀಚಿದ್ದಾರಾ ಅಂತಲೂ ನೋಡಿ. "ಗೊ. ಬಾಕಿಗೆ" ಅಂತ ಎರಡಕ್ಷರ ಬರೆಯುವ ಅಭ್ಯಾಸ ನಮ್ಮವರಿಗೆ ಇದೆ.

ಆಮೇಲೆ, ಮೂಲ ತಕ್ ಪಟ್ಟಿಯನ್ನು ಯಾರ ಕೈಗೂ ಕೊಡಬೇಡಿ. ವಕೀಲರಿಗೆ ಸದ್ಯಕ್ಕೆ ಜೆರಾಕ್ಸ್ ಸಾಕು, ಮೂಲ ಕೋರ್ಟಿಗೆ ಹಾಜರು ಮಾಡುವ ದಿನ ನೀವೇ ತಂದುಕೊಡಿ.

ಕರಿಕೋಟು ಬಳ್ಳಾರಿ

ಲೆಕ್ಕದ ಅಣ್ಣಾವ್ರು ಹೇಳಿದ್ದು ಸರಿಯಾಗಿದೆ. ಇದಕ್ಕೆ ಇನ್ನೊಂದು ಸೇರಿಸಿ. ಎರಡೂ ಅಂಗಡಿಯ ಲೆಕ್ಕದ ಪುಸ್ತಕ ಕೋರ್ಟಿಗೆ ತರಿಸಿ ಅಂತ ಅರ್ಜಿ ಹಾಕಬಹುದು. ಅಣ್ಣ ತಮ್ಮನ ನಡುವೆ ಆ ವಾರದಲ್ಲಿ ದುಡ್ಡು ಓಡಾಡಿದ್ದರೆ ಅಲ್ಲಿ ಸಿಗುತ್ತೆ. ಪುಸ್ತಕ ತರಲು ಆದೇಶವಾದ ಮೇಲೂ ತರದಿದ್ದರೆ ಅದು ಅವರಿಗೇ ತಿರುಗುತ್ತೆ. ಎಷ್ಟೋ ಸಲ ಈ ಅರ್ಜಿ ಬಿದ್ದ ಕೂಡಲೇ ರಾಜಿ ಮಾತು ಶುರುವಾಗುತ್ತೆ.

ತಾವರಗೇರಾ ಕಾಕಾ

ತಂಗಿ, ರಾಜಿ ಮಾತು ಬಂತಲ್ಲ, ಅದರ ಬಗ್ಗೆ ನನ್ನದೂ ಒಂದೆರಡು ಮಾತು. ಅಂಗಡಿಯವರು ಇಷ್ಟರಲ್ಲೇ ಮನೆಗೆ ಬರಬಹುದು, ಇಲ್ಲ ಯಾರನ್ನಾದರೂ ಕಳಿಸಬಹುದು. "ಹಿರಿಯರು ಕೂತು ಮಾತಾಡೋಣ, ಕೋರ್ಟಿಗೆ ಬರಬೇಡಿ, ನಾನೇ ಕೇಸು ವಾಪಸ್ ತೆಗೀತೀನಿ" ಅಂತಾರೆ. ಕೂತು ಮಾತಾಡಿ, ಅದು ಒಳ್ಳೆಯದೇ, ನಾಳೆ ಮತ್ತೆ ಗೊಬ್ಬರಕ್ಕೆ ಅದೇ ಬಜಾರಿಗೆ ಹೋಗಬೇಕು. ಆದರೆ ತಾರೀಕು ಮಾತ್ರ ತಪ್ಪಿಸಬೇಡಿ. ಮನೆಯಲ್ಲಿ ಆದ ಮಾತು ಕೋರ್ಟಿನ ಕಡತಕ್ಕೆ ಗೊತ್ತಿರುವುದಿಲ್ಲ. ನೀವು ಒಪ್ಪಿದ್ದು ಎರಡು ಲಕ್ಷಕ್ಕೆ ಅಂತ ನಂಬಿ ಮನೆಯಲ್ಲಿ ಕೂತಿರುತ್ತೀರಿ, ಅಲ್ಲಿ ಮೂರು ನಲವತ್ತಕ್ಕೆ ಡಿಕ್ರಿ ಆಗಿರುತ್ತೆ. ಒಪ್ಪಂದ ಏನೇ ಆದರೂ ಬರಹಕ್ಕೆ ತಂದು, ಎರಡೂ ಕಡೆ ಸಹಿ ಹಾಕಿ, ಸಾಹೇಬರ ಮುಂದೆ ದಾಖಲಾಗಬೇಕು. ದುಡ್ಡು ಮುಗಿದ ದಿನ ಮೂಲ ಪ್ರೋನೋಟ್ ವಾಪಸ್ ಇಸಿದುಕೊಳ್ಳಬೇಕು. ಕೈಯಲ್ಲಿ ದುಡ್ಡು ಕೊಡಬೇಡಿ, ಬ್ಯಾಂಕಿನಿಂದಲೇ ಹಾಕಿ.

ಲೋಕ ಅದಾಲತ್ತಿಗೆ ಇಡಿಸಿ ಅಂತ ನೀವೇ ಕೇಳಬಹುದು. ಅಲ್ಲಿ ರಾಜಿಯಾದರೆ ದಾವೆ ಹಾಕಿದವರಿಗೆ ಕಟ್ಟಿದ ಕೋರ್ಟ್ ಫೀ ವಾಪಸ್ ಬರುತ್ತೆ, ಅದಕ್ಕೇ ಅವರೂ ಒಪ್ಪುವುದು ಹೆಚ್ಚು. ಆದರೆ ಅಲ್ಲಿ ಆದ ಮೇಲೆ ಅಪೀಲು ಇಲ್ಲ. ಹಾಗಾಗಿ ಲೆಕ್ಕದವರು ಕೊಟ್ಟ ಆ ಎರಡು ಅಂಕಿ ಮನಸ್ಸಿನಲ್ಲಿ ಇಟ್ಟುಕೊಂಡೇ ಕೂರಿ. ಅಪ್ಪನ ಕೈಲಿ ಆಗದ ಕಂತಿಗೆ ಮುಖದಾಕ್ಷಿಣ್ಯಕ್ಕೆ ತಲೆ ಅಲ್ಲಾಡಿಸಬೇಡಿ. ನೆಲ್ಲು ಕೊಯ್ಲು ಆದ ಮೇಲೆ ಇಷ್ಟು ಅಂತ ಬೆಳೆಗೆ ಹೊಂದಿಸಿ ಕಂತು ಕೇಳಿ, ತಿಂಗಳ ಕಂತು ನಮಗೆ ಆಗುವ ಮಾತಲ್ಲ. ರಾಜಿ ಆಗಲೇ ಇಲ್ಲ ಅಂದರೂ ಡಿಕ್ರಿ ಬರೆಯುವಾಗ ಕಂತಿನಲ್ಲಿ ಕಟ್ಟಲು ಬಿಡಿ ಅಂತ ಕೋರ್ಟನ್ನು ಕೇಳಬಹುದು. ಡಿಕ್ರಿ ಆದ ಮೇಲೆ ಕೇಳಿದರೆ ಎದುರಿನವರು ಒಪ್ಪಬೇಕಾಗುತ್ತೆ.

ಅಪ್ಪ ಊಟ ಬಿಟ್ಟು ಕೂತಿದ್ದಾರೆ ಅಂದಿರಲ್ಲ, ಅದನ್ನು ಓದಿ ಬೇಜಾರಾಯಿತು. ಅವರಿಗೆ ಹೇಳಿ, ಡಿಕ್ರಿ ಆದರೂ ಮನೆ ಬಿಟ್ಟು ಓಡುವಂಥದ್ದು ಏನೂ ಇಲ್ಲ. ಬೇಸಾಯ ಮಾಡುವವರ ವಾಸದ ಮನೆ, ಎತ್ತು, ನೇಗಿಲು, ಬಿತ್ತನೆ ಬೀಜ, ಅಡಿಗೆ ಪಾತ್ರೆ, ಹಾಸಿಗೆ, ಅಮ್ಮನ ಕೊರಳಿನ ತಾಳಿ, ಇವನ್ನು ಜಪ್ತಿ ಮಾಡುವಂತಿಲ್ಲ. ಹೊಲ ಮಾತ್ರ ಈ ಪಟ್ಟಿಯಲ್ಲಿ ಇಲ್ಲ, ಅದಕ್ಕೇ ಈಗಲೇ ಸರಿಯಾಗಿ ನಡೆಸಬೇಕು. ಜೈಲಿನ ಮಾತು ಯಾರಾದರೂ ಎತ್ತಿದರೆ ಹೀಗೆ ಹೇಳಿ: ಕಟ್ಟಲು ಶಕ್ತಿ ಇದ್ದೂ ಬೇಕಂತಲೇ ಕಟ್ಟದವರನ್ನು ಮಾತ್ರ, ಅದೂ ಡಿಕ್ರಿ ಆಗಿ, ನೋಟಿಸ್ ಕೊಟ್ಟು, ವಿಚಾರಿಸಿದ ಮೇಲೆ ಸಿವಿಲ್ ಜೈಲಿಗೆ ಕಳಿಸಬಹುದು, ಅದಕ್ಕೂ ಮೂರು ತಿಂಗಳ ಮಿತಿ ಇದೆ. ದುಡ್ಡಿಲ್ಲದ ಬಡವನನ್ನು ಬಡತನಕ್ಕೆ ಒಳಗೆ ಹಾಕುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 1980ರಲ್ಲೇ ಹೇಳಿದೆ.

ಎಡದಂಡೆ ಮಗಳು

ಎಲ್ಲರಿಗೂ ಹೇಗೆ ಧನ್ಯವಾದ ಹೇಳಬೇಕೋ ಗೊತ್ತಿಲ್ಲ. ಕಾಕಾ ಬರೆದದ್ದನ್ನು ಅಪ್ಪನಿಗೆ ಫೋನಿನಲ್ಲಿ ಪೂರ್ತಿ ಓದಿ ಹೇಳಿದೆ. ಸುಮ್ನೆ ಕೇಳಿಸಿಕೊಂಡರು. ಆಮೇಲೆ ತಾವೇ ಎದ್ದು ಟ್ರಂಕು ತೆಗೆದು ಕಾಗದ ಎಲ್ಲ ಹೊರಗೆ ಹಾಕಿದರಂತೆ, ಅಮ್ಮ ಹೇಳಿದರು. ವೇಬ್ರಿಡ್ಜ್ ಚೀಟಿ ಸಿಕ್ಕಿದೆ. ತಕ್ ಪಟ್ಟಿಯ ದಿನಾಂಕ ಡಿಸೆಂಬರ್ 14ನೇ ಇದೆ. ಪಾಸ್‌ಬುಕ್ಕಿನಲ್ಲಿ ಆ ದುಡ್ಡು ಬಂದಿಲ್ಲ.

ಇವತ್ತು ರಜೆ ಹಾಕಿ ಗಂಗಾವತಿಗೆ ಹೋಗಿದ್ದೆ, ಮೊದಲ ತಾರೀಕು ಇತ್ತು. ಸಿಂಧನೂರಿನ ಅಣ್ಣ ಬರೆದ ಹಾಗೇ ನಡೆಯಿತು. ವಕೀಲರು ವಕಾಲತ್ತು ಹಾಕಿದರು, ಲಿಖಿತ ಹೇಳಿಕೆಗೆ ಮುಂದಿನ ತಿಂಗಳು ತಾರೀಕು ಕೊಟ್ಟಿದ್ದಾರೆ. ಇನ್ನು ಪ್ರತಿ ತಾರೀಕಿಗೂ ಅಪ್ಪ ಹೋಗಲೇಬೇಕಾ? ನಾಟಿ ಕೆಲಸದ ದಿನ ಬಿದ್ದರೆ ಕಷ್ಟ.

ಸಿಂಧನೂರು ದಾರಿ

ಬೇಕಿಲ್ಲ ಅಕ್ಕಾ. ವಕೀಲರು ಇರುವಾಗ ಸಿವಿಲ್ ಕೇಸಿನಲ್ಲಿ ಪ್ರತಿ ಸಲ ಪಕ್ಷಗಾರರು ನಿಲ್ಲಬೇಕಾಗಿಲ್ಲ. ಲಿಖಿತ ಹೇಳಿಕೆಗೆ ಸಹಿ ಹಾಕುವ ದಿನ, ರಾಜಿಗೆ ಕರೆದ ದಿನ, ಅಪ್ಪನ ಸಾಕ್ಷಿ ಇರುವ ದಿನ ಹೋಗಲೇಬೇಕು. ಉಳಿದಂತೆ ಫೋನಿನಲ್ಲಿ ಇ-ಕೋರ್ಟ್ಸ್ ಆ್ಯಪ್ ಹಾಕಿಕೊಂಡು, ಕೇಸಿನ 16 ಅಕ್ಷರದ ಸಿಎನ್‌ಆರ್ ನಂಬರ್ ಹೊಡೆದರೆ ಮುಂದಿನ ತಾರೀಕು, ಅವತ್ತು ಏನಾಯಿತು ಎಲ್ಲ ಬರುತ್ತೆ. ನೀವು ಬಳ್ಳಾರಿಯಲ್ಲಿ ಕೂತೇ ನೋಡಬಹುದು. ಪ್ರತಿ ತಾರೀಕಿನ ಹಿಂದಿನ ದಿನ ವಕೀಲರಿಗೆ ಒಂದು ಫೋನ್ ಮಾಡಿ ನೆನಪಿಸಿ.